ನಾಲೆ ಏರಿ ಮೇಲೆ ಸೈಕಲ್ಲು

ಮೈಸೂರಲ್ಲಿ ರೋಡ್ ಬೈಕ್, ಅಂದ್ರೆ ರೇಸ್ ಥರದ ಸೈಕಲ್ಲು, ಇಟ್ಕೊಂಡಿರೋ ಯಾರನ್ನಾದ್ರೂ ಭಾನುವಾರ ಬೆಳಗ್ಗೆ ಎಲ್ಲಿಗೆ ಹೋಗ್ತೀರಿ ಅಂತ ಕೇಳಿ, ಚಾಮುಂಡಿ ಬೆಟ್ಟ ಅಂತಾರೆ. ಇಲ್ಲಾಂದ್ರೆ ನಂಜನಗೂಡು ದಾಟಿ ಗುಂಡ್ಲುಪೇಟೆ ಕಡೆ ಹೈವೇ. ಬೆಟ್ಟ ಹತ್ತೋಕೆ ಎಷ್ಟು ನಿಮಿಷ ಆಯ್ತು, ಹೋದ ತಿಂಗಳಿಗಿಂತ ಎಷ್ಟು ಸೆಕೆಂಡ್ ಕಮ್ಮಿ, ಎಲ್ಲಾ ಫೋನಲ್ಲಿ ಇರುತ್ತೆ, ಕೇಳದೇ ಇದ್ರೂ ತೋರಿಸ್ತಾರೆ. ನಾನೂ ಒಂದಷ್ಟು ದಿನ ಅದೇ ಮಾಡ್ದೆ, ಬೇಜಾರೇನಿಲ್ಲ, ಮೇಲೆ ಗಾಳಿ ಚೆನ್ನಾಗಿರುತ್ತೆ. ಆದ್ರೆ ಈಗ ಕೆಲವು ವರ್ಷದಿಂದ ನಾನು ಹೋಗೋದು ಉಲ್ಟಾ ದಿಕ್ಕಿಗೆ. ಕಾವೇರಿ ದಾಟಿ ಶ್ರೀರಂಗಪಟ್ಟಣ, ಅಲ್ಲಿಂದ ಪಾಂಡವಪುರ ಕಡೆಗೋ ಅರಕೆರೆ ಕಡೆಗೋ ಮಂಡ್ಯ ಕಡೆಗೋ, ಮೇನ್ ರೋಡಲ್ಲಲ್ಲ, ನಾಲೆಗಳ ಪಕ್ಕ ಹೋಗೋ ಸಣ್ಣ ರಸ್ತೆಗಳಲ್ಲಿ. ಅಲ್ಲಿ ನೋಡೋಕೆ ಏನಿದೆ ಅಂತ ನಮ್ಮ ಗುಂಪಿನೋರು ಕೇಳ್ತಾರೆ. ಏನಂತ ಹೇಳ್ಲಿ, ಗದ್ದೆ, ಕಬ್ಬು, ತೆಂಗಿನ ಮರ, ಹಾಲಿನ ಡೈರಿ, ಒಂದು ಟೀ ಅಂಗಡಿ, ಮತ್ತೆ ಗದ್ದೆ. ಫೋಟೋ ಹಾಕಿದ್ರೆ ಹೋದ ವಾರದ್ದೇ ಮತ್ತೆ ಹಾಕಿದ್ದೀಯಲ್ಲೇ ಅಂತಾರೆ.

ಆದ್ರೆ ಸೈಕಲ್ ಮೇಲೆ ಕೂತವರಿಗೆ ಮಾತ್ರ ಗೊತ್ತಾಗೋ ಒಂದು ವಿಷಯ ಅಲ್ಲಿದೆ. ಈ ರಸ್ತೆಗಳಲ್ಲಿ ಏರೂ ಇಲ್ಲ ಇಳಿಜಾರೂ ಇಲ್ಲ, ಗೇರ್ ಮುಟ್ಟದೇ ಅರ್ಧ ಗಂಟೆ ಮುಕ್ಕಾಲು ಗಂಟೆ ಹೋಗ್ತಾನೇ ಇರಬಹುದು. ಹಾಗಂತ ಮಂಡ್ಯ ಸೀಮೆ ಸಪಾಟಾಗೇನೂ ಇಲ್ಲ, ಒಂದು ಕಡೆ ಕರಿಘಟ್ಟ ಕಾಣ್ತಿರುತ್ತೆ, ಇನ್ನೊಂದು ಕಡೆ ಕುಂತಿಬೆಟ್ಟ, ಮಧ್ಯೆ ದಿಣ್ಣೆ ಹಳ್ಳ ಎಲ್ಲಾ ಇದೆ, ಊರಿಂದ ಊರಿಗೆ ನೇರ ಹೋಗೋ ರಸ್ತೆ ಹಿಡಿದ್ರೆ ಹತ್ತಿ ಇಳಿದು ಹತ್ತಿ ಇಳಿದು ಮೊಣಕಾಲು ಮಾತಾಡ್ಸುತ್ತೆ. ನಾಲೆ ರಸ್ತೆ ಮಟ್ಟಸವಾಗಿರೋಕೆ ಕಾರಣ ಏನಂದ್ರೆ, ಅದು ಹುಟ್ಟಿದ್ದು ಜನ ಓಡಾಡೋಕಲ್ಲ, ನೀರನ್ನ ನೋಡ್ಕೊಳ್ಳೋಕೆ. ನೀರಿಗೆ ಏರು ಹತ್ತೋಕೆ ಬರಲ್ಲ, ಜಾಸ್ತಿ ಇಳಿಜಾರು ಕೊಟ್ರೆ ಏರಿ ಕೊರ್ಕೊಂಡು ಹೋಗ್ಬಿಡುತ್ತೆ, ಹಾಗಾಗಿ ನಾಲೆ ತೋಡಿದೋರು ಗುಡ್ಡ ಅಡ್ಡ ಬಂದ ಕಡೆಯೆಲ್ಲಾ ಸುತ್ತಿ ಬಳಸಿ, ಕಣ್ಣಿಗೆ ಕಾಣದಷ್ಟೇ ಇಳಿಜಾರಲ್ಲಿ ಅದನ್ನ ತಗೊಂಡು ಹೋಗಿದ್ದಾರೆ, ಏರಿ ಮೇಲಿನ ರಸ್ತೆಯೂ ಅದರ ಜೊತೆ ಬಳುಕ್ತಾ ಹೋಗುತ್ತೆ. ಎದುರುಗಡೆ ಊರು ಇಲ್ಲೇ ಕೈಗೆ ಸಿಗೋ ಹಾಗೆ ಕಾಣ್ತಿರುತ್ತೆ, ಆದ್ರೆ ನಾಲೆ ಹಳ್ಳ ಬಳಸ್ಕೊಂಡು ಸುತ್ತು ಹಾಕಿ ಬರೋ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿರುತ್ತೆ. ಮೋಟಾರ್ ಬೈಕಲ್ಲಿ ಹೋಗೋರಿಗೆ ಇದು ಕಿರಿಕಿರಿ, ಅದಕ್ಕೇ ಅವರು ಈ ದಾರೀಲಿ ಬರಲ್ಲ, ಅದಕ್ಕೇ ದಾರಿ ಖಾಲಿ ಇರುತ್ತೆ.

ಇನ್ನೊಂದು ವಿಷಯ ಗಮನಿಸೋಕೆ ನನಗೆ ಸ್ವಲ್ಪ ದಿನ ಹಿಡೀತು. ನಾಲೆಯ ಕೆಳಗಡೆ ಪಕ್ಕ ಯಾವಾಗ್ಲೂ ಹಸಿರು, ಭತ್ತ, ಕಬ್ಬು, ಅಡಿಕೆ ತೆಂಗು. ಮೇಲ್ಗಡೆ ಪಕ್ಕ ಬೇರೇನೇ ಲೋಕ. ಅಲ್ಲಿ ರಾಗಿ, ಹುರುಳಿ, ಅವರೆ, ಒಂದೊಂದು ಕಡೆ ಜಾಲಿ ಬೆಳೆದ ಬೀಳು, ಬೋರ್‌ವೆಲ್ ಇರೋರದ್ದಾದ್ರೆ ಒಂದು ತುಂಡು ಹಿಪ್ಪುನೇರಳೆ. ಮಧ್ಯೆ ಇರೋದು ಹದಿನೈದಿಪ್ಪತ್ತು ಅಡಿ ಅಗಲದ ನೀರು, ಅಷ್ಟೇ. ನೀರು ಕೆಳಗೆ ಹರಿಯುತ್ತೆ, ಮೇಲೆ ಹತ್ತಲ್ಲ, ಹಾಗಾಗಿ ಯಾರ ಹೊಲ ಈ ನಾಲೆ ಗೆರೆಗಿಂತ ಮೇಲಿತ್ತೋ ಅವರು ಮಳೆ ನಂಬಿದ ಖುಷ್ಕಿಯಲ್ಲೇ ಉಳಿದ್ರು, ಯಾರದ್ದು ಕೆಳಗಿತ್ತೋ ಅವರದ್ದು ನೀರಾವರಿಯ ತರಿ ಜಮೀನಾಯ್ತು. ಎರಡೂ ಕಡೆಯ ಜನ ಒಂದೇ ಊರಿನೋರು, ಎಷ್ಟೋ ಸಲ ಒಂದೇ ಮನೆಯೋರು, ಅಣ್ಣನ ಪಾಲು ಮೇಲೆ ತಮ್ಮನ ಪಾಲು ಕೆಳಗೆ. ಕಾರಲ್ಲಿ ಹೋದ್ರೆ ಎರಡೂ ಸೇರಿ ಹಳ್ಳಿ ಅನ್ನೋ ಒಂದೇ ಹಸಿರಾಗಿ ಕಾಣುತ್ತೆ. ಸೈಕಲ್ಲಲ್ಲಿ ಗಂಟೆಗೆ ಇಪ್ಪತ್ತು ಇಪ್ಪತ್ತೆರಡು ಕಿಲೋಮೀಟರಲ್ಲಿ ಆ ಗೆರೆ ಮೇಲೇ ಹೋಗ್ತಾ ಇದ್ರೆ ಎಡಗೆನ್ನೆಗೆ ಗದ್ದೆಯ ತಂಪು ಬಲಗೆನ್ನೆಗೆ ಹೊಲದ ಬಿಸಿ, ನಿಜವಾಗ್ಲೂ, ಏಪ್ರಿಲಲ್ಲಿ ಹೋಗಿ ನೋಡಿ.

ಈ ಗೆರೆಗಳಲ್ಲಿ ಹಳೇದು ಹೊಸದು ಅಂತ ಎರಡಿದೆ. ಹೊಸದು ಅಂದ್ರೆ ಕನ್ನಂಬಾಡಿ ಕಟ್ಟೆ, ಅಂದ್ರೆ ಕೆ.ಆರ್.ಎಸ್. ಅಣೆಕಟ್ಟು, ನಂತರದ್ದು. ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ ಪೂರ್ತಿ ಮುಗಿಯೋ ಹೊತ್ತಿಗೆ 1930ರ ದಶಕ ಬಂದಿತ್ತು. ಎಡದಂಡೆಯಿಂದ ಹೊರಟ ದೊಡ್ಡ ನಾಲೆಗೆ ಮೊದಲು ವೈಸರಾಯ್ ಹೆಸರಿಟ್ಟು ಇರ್ವಿನ್ ನಾಲೆ ಅಂತಿದ್ರು, ಆಮೇಲೆ ವಿಶ್ವೇಶ್ವರಯ್ಯ ನಾಲೆ ಆಯ್ತು, ಈಗ ಎಲ್ಲರ ಬಾಯಲ್ಲೂ ವಿ.ಸಿ. ನಾಲೆ. ಆ ನೀರು ಬಂದ ಮೇಲೇ ಕಬ್ಬು, ಕಬ್ಬು ಬಂದ ಮೇಲೆ 1933ರಲ್ಲಿ ಮಂಡ್ಯದ ಸಕ್ಕರೆ ಫ್ಯಾಕ್ಟರಿ, 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆ ಮಾಡಿ ಮಂಡ್ಯ ಅಂತ ಒಂದು ಜಿಲ್ಲೇನೇ. ಸೈಕಲ್ಲಿನೋರಿಗೆ ಇದರಲ್ಲಿ ಒಂದು ಮೋಸ ಇದೆ. ಹುಲಿಕೆರೆ ಹತ್ರ ಬಳಸೋಕಾಗದ ದಿಣ್ಣೆ ಅಡ್ಡ ಬರುತ್ತೆ, ನೀರು ಸುಮಾರು 2.8 ಕಿಲೋಮೀಟರ್ ಉದ್ದದ ಸುರಂಗದೊಳಗೆ ನುಗ್ಗಿ ಆರಾಮಾಗಿ ಆ ಕಡೆ ಹೋಗ್ಬಿಡುತ್ತೆ, ನಾವು ಮಾತ್ರ ಬಿಸಿಲಲ್ಲಿ ದಿಣ್ಣೆ ಹತ್ತಬೇಕು. ಅಷ್ಟು ಹೊತ್ತಿಂದ ಪಕ್ಕದಲ್ಲೇ ಬರ್ತಿದ್ದ ನೀರು ಇದ್ದಕ್ಕಿದ್ದ ಹಾಗೆ ನೆಲದೊಳಗೆ ಮಾಯ ಆದ್ರೆ ಒಂಥರಾ ಒಂಟಿ ಅನ್ಸುತ್ತೆ.

ಹಳೇ ನಾಲೆಗಳು ಇದಕ್ಕೂ ಎಷ್ಟೋ ಹಿಂದಿನವು. ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ. ಹೊಳೆಗೆ ಅಡ್ಡ ಕಲ್ಲಿನ ಒಡ್ಡು ಹಾಕಿ ಪಕ್ಕಕ್ಕೆ ನೀರು ತಿರುಗಿಸಿ ಮಾಡಿರೋವು. ಚಿಕ್ಕದೇವರಾಜ ಒಡೆಯರ್ ಆಳಿದ್ದು 1673ರಿಂದ 1704, ಲೆಕ್ಕ ಹಾಕ್ಕೊಳ್ಳಿ ಎಷ್ಟು ವರ್ಷದಿಂದ ಆ ಗೆರೆ ಹಾಗೇ ಇದೆ ಅಂತ. ನನಗೆ ಈ ಹಳೇ ನಾಲೆ ಪಕ್ಕದ ರಸ್ತೆಗಳೇ ಇಷ್ಟ. ಹೊಸ ನಾಲೆಗೆ ಅಲ್ಲಲ್ಲಿ ಕಾಂಕ್ರೀಟ್ ಹಾಕಿ ಆಧುನೀಕರಣ ಮಾಡಿದ್ದಾರೆ, ನೀರು ಸೋರಲ್ಲ, ಬೇಗ ಮುಟ್ಟುತ್ತೆ, ರೈತರಿಗೆ ಅದೇ ಬೇಕು, ಸರೀನೇ. ಆದ್ರೆ ಸೋರೋ ನಾಲೆ ಪಕ್ಕ ಮರ ಬೆಳೆಯುತ್ತೆ. ಹೊಂಗೆ, ಅತ್ತಿ, ನೇರಳೆ, ಬಿದಿರು, ಮೇ ತಿಂಗಳಲ್ಲೂ ತಲೆ ಮೇಲೆ ನೆರಳು. ಕಾಂಕ್ರೀಟ್ ನಾಲೆ ಪಕ್ಕ ಬಿಸಿಲಲ್ಲಿ ಬೆಂದುಹೋಗ್ತೀರಿ. ಸೈಕಲ್ ಹೊಡೆಯೋರ ಸ್ವಾರ್ಥ ಇದು, ಗೊತ್ತು, ಯಾವ ಇಂಜಿನಿಯರೂ ನಮ್ಮ ನೆರಳಿಗೋಸ್ಕರ ನೀರು ಸೋರ್ಲಿ ಅಂತ ಬಿಡಬೇಕಾಗಿಲ್ಲ.

ಖಾಲಿ ರಸ್ತೆ ಅಂದೆ, ಖಾಲಿ ಅಂದ್ರೆ ಗಾಡಿ ಕಮ್ಮಿ ಅಷ್ಟೇ. ಕೆಲಸ ಜಾಸ್ತಿ. ಬೆಳಗ್ಗೆ ಆರು ಗಂಟೆಗೆ ಊರಿನ ಡೈರಿ ಮುಂದೆ ಕ್ಯಾನು, ಸ್ಟೀಲ್ ತೂಕು, ಪ್ಲಾಸ್ಟಿಕ್ ಬಾಟ್ಲು ಹಿಡ್ಕೊಂಡು ಸಾಲು, ಅರ್ಧ ರಸ್ತೆ ಅವರದ್ದೇ, ಫ್ಯಾಟ್ ಎಷ್ಟು ಬಂತು ಅಂತ ಅಲ್ಲೇ ಜಗಳ, ಅಲ್ಲೇ ನಗು. ಏಳಕ್ಕೆ ದನ ಹೊರಡ್ತವೆ. ಎಂಟೂವರೆಗೆ ಸ್ಕೂಲ್ ಮಕ್ಕಳು. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನೋರಿಗೆ ಸೈಕಲ್ ಕೊಡೋಕೆ ಶುರು ಮಾಡಿತ್ತಲ್ಲ, ಆ ಸೈಕಲ್‌ಗಳು ಅಕ್ಕನಿಂದ ತಮ್ಮನಿಗೆ ತಮ್ಮನಿಂದ ಚಿಕ್ಕಪ್ಪನ ಮಗನಿಗೆ ಅಂತ ಇನ್ನೂ ಓಡ್ತಾ ಇವೆ, ಬ್ರೇಕ್ ಇಲ್ಲ, ಬೆಲ್ ಇಲ್ಲ, ಚೈನ್ ಕವರ್ ಕಟಕಟ ಅಂತಿರುತ್ತೆ. ಆ ಹುಡುಗರಿಗೆ ಹೆಲ್ಮೆಟ್ ಹಾಕ್ಕೊಂಡು ಬರೋಳನ್ನ ಕಂಡ್ರೆ ರೇಸ್ ಮಾಡ್ಲೇಬೇಕು. ಕ್ಯಾರಿಯರ್ ಮೇಲೆ ಒಬ್ಬನ್ನ ಕೂರಿಸ್ಕೊಂಡು, ಹ್ಯಾಂಡಲ್ಲಿಗೆ ಟಿಫನ್ ಬ್ಯಾಗ್ ನೇತಾಕ್ಕೊಂಡು, ಚಪ್ಪಲೀಲಿ ತುಳ್ಕೊಂಡು ಬಂದು ನನ್ನನ್ನ ದಾಟಿ ಹೋಗೋ ಹುಡುಗ ಒಬ್ಬ ಪ್ರತಿ ಊರಲ್ಲೂ ಇರ್ತಾನೆ. ನನ್ನ ಕಾರ್ಬನ್ ಫೋರ್ಕಿನ ಮರ್ಯಾದೆ ಅಲ್ಲಿಗೆ ಮುಗೀತು.

ಡಿಸೆಂಬರ್ ಜನವರೀಲಿ ಹೋದ್ರೆ ರಸ್ತೆ ಇನ್ನೂ ಬೇರೆ ಥರ. ಹುರುಳಿ, ರಾಗಿ ಕಟಾವಾಗಿರುತ್ತೆ, ತಂದು ಟಾರು ರಸ್ತೆ ಮೇಲೇ ಹರವಿರ್ತಾರೆ, ಓಡಾಡೋ ಬಸ್ಸು ಟ್ರ್ಯಾಕ್ಟರ್ ತುಳಿದು ಕಾಳು ಬಿಡಿಸ್ಲಿ ಅಂತ. ಪೇಪರಲ್ಲಿ ಪ್ರತಿ ವರ್ಷ ಬೈತಾರೆ, ರಸ್ತೇಲಿ ಒಕ್ಕಣೆ ಮಾಡ್ಬೇಡಿ ಅಂತ ಪೊಲೀಸರೂ ಹೇಳ್ತಾರೆ, ಬೈಕಿನೋರು ಜಾರಿ ಬೀಳೋದು ನಿಜ, ಹುರುಳಿ ಹೊಟ್ಟು ಕಾರಿನ ತಳಕ್ಕೆ ಸುತ್ಕೊಂಡು ಬೆಂಕಿ ಹತ್ತಿರೋದೂ ಉಂಟು. ಆದ್ರೆ ಅವರಾದ್ರೂ ಎಲ್ಲಿ ಹೋಗ್ಬೇಕು? ಮೊದಲು ಪ್ರತಿ ಮನೆಗೂ ಒಂದು ಕಣ ಇತ್ತು, ಸಗಣಿ ಸಾರಿಸಿ, ಮಧ್ಯೆ ಮೇಟಿ ನೆಟ್ಟು, ಎತ್ತು ಕಟ್ಟಿ ರೋಣಗಲ್ಲು ಸುತ್ತಿಸ್ತಿದ್ರು. ಈಗ ಎತ್ತು ಸಾಕೋರು ಕಮ್ಮಿ, ಕಣದ ಜಾಗದಲ್ಲಿ ಮಗನ ಮನೆ ಎದ್ದಿದೆ. ಬಿಸಿ ಕಾಯೋ, ಗಟ್ಟಿಯಾದ, ಕಲ್ಲು ಮಣ್ಣಿಲ್ಲದ ನೆಲ ಅಂತ ಊರಲ್ಲಿ ಉಳಿದಿರೋದು ಒಂದೇ, ಆ ರಸ್ತೆ. ಬೋರ್ಡಲ್ಲಿ ಗ್ರಾಮ ಸಡಕ್ ಯೋಜನೆ ಅಂತ ಬರೆದಿದ್ರೂ ಮೂರು ತಿಂಗಳು ಅದು ಕಣಾನೇ.

ಸೈಕಲ್ಲಿಗೆ ರಾಗಿ ಪರವಾಗಿಲ್ಲ, ಹುರುಳಿ ಶತ್ರು. ಅದರ ಬಳ್ಳಿ ಹಿಂದಿನ ಗೇರಿನ ಪುಟ್ಟ ಚಕ್ರಗಳಿಗೆ ಸುತ್ಕೊಂಡ್ರೆ ಬಿಡಿಸೋಕೆ ಅರ್ಧ ಗಂಟೆ, ಬಲವಾಗಿ ತುಳಿದ್ರೆ ಗೇರನ್ನ ಫ್ರೇಮಿಗೆ ಹಿಡಿದಿಡೋ ಹ್ಯಾಂಗರೇ ಮುರಿಯುತ್ತೆ. ಹಾಗಾಗಿ ಹುರುಳಿ ಕಂಡ ಕೂಡ್ಲೇ ನಾನು ಇಳಿದು ಸೈಕಲ್ ಹೆಗಲಿಗೆ ಹಾಕ್ಕೊಂಡು ದಾಟ್ತೀನಿ. ಒಂದ್ಸಲ ಹಾಗೆ ದಾಟ್ತಿದ್ದಾಗ ಕವೆಗೋಲು ಹಿಡ್ಕೊಂಡಿದ್ದ ಅಜ್ಜಿ ತಡೆದು, "ಯಾಕವ್ವ ಒತ್ಕೊಂಡು ಓಯ್ತೀಯ, ಮ್ಯಾಲೇ ಓಡ್ಸು, ನೀನು ಓಡ್ಸುದ್ರೆ ತಾನೆ ಕಾಳು ಬುಡಾದು" ಅಂದ್ರು. ಪಕ್ಕದಲ್ಲಿದ್ದ ಸೊಸೆ ನನ್ನ ಟೈರು ಮುಟ್ಟಿ ನೋಡಿ, "ಅಯ್ಯೋ ಬುಡತ್ತೆ, ಈ ಸೈಕಲ್ಲಿಗೆ ಒಂದ್ ಕಾಳೂ ಬುಡಕಿಲ್ಲ" ಅಂತ ನಕ್ಕರು. ಮೂವತ್ತೆರಡು ಎಂಎಂ ಟೈರಿಗೆ ಅಷ್ಟು ಸರಿಯಾದ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಟೈರ್ ಮಾತು ಬಂತು, ಬೇಗ ಮುಗಿಸ್ತೀನಿ. ಇಪ್ಪತ್ಮೂರು ಎಂಎಂ ಹಾಕ್ಕೊಂಡು ಈ ಕಡೆ ಬರಬೇಡಿ. ಮೂವತ್ತೆರಡು, ಆದ್ರೆ ಇನ್ನೂ ದಪ್ಪ, ಗಾಳಿ ಸ್ವಲ್ಪ ಕಮ್ಮಿ. ಜಾಲಿ ಮುಳ್ಳಿಗೆ ಟ್ಯೂಬ್‌ಲೆಸ್ ಒಳ್ಳೇದು, ಇಲ್ಲಾಂದ್ರೆ ಎರಡು ಟ್ಯೂಬು, ಪಂಚರ್ ಪ್ಯಾಚು, ಸೊಲ್ಯೂಷನ್ನು. ಮುಳ್ಳಿಗಿಂತ ತಲೆನೋವು ರಸ್ತೆಗೆ ಅಡ್ಡ ತೋಡಿರೋ ಪೈಪಿನ ಚಾನಲ್‌ಗಳು. ಈ ಕಡೆ ಬೋರು ಆ ಕಡೆ ತೋಟ ಇರೋರು ರಾತ್ರೋರಾತ್ರಿ ಟಾರು ಅಗೆದು ಪೈಪ್ ಹಾಕಿ ಮಣ್ಣು ಮುಚ್ಚಿರ್ತಾರೆ, ಮಳೆ ಬಂದ್ಮೇಲೆ ಮಣ್ಣು ಕುಸಿದು ಸರಿಯಾಗಿ ಒಂದು ಚಕ್ರ ಇಳಿಯೋಷ್ಟು ಗುಂಡಿ. ಆಮೇಲೆ ಹಂಪುಗಳು, ಊರಿನೋರೇ ಹಾಕ್ಕೊಂಡಿರೋವು, ಬಣ್ಣ ಇಲ್ಲ ಬೋರ್ಡ್ ಇಲ್ಲ. ನಾಯಿಗಳ ಬಗ್ಗೆ ಎಲ್ಲರೂ ಕೇಳ್ತಾರೆ, ಇಳಿದು ನಿಂತ್ರೆ ಅವಕ್ಕೇ ಬೇಜಾರಾಗಿ ಹೋಗ್ತವೆ, ಓಡಿಸಿದ್ರೆ ಮಾತ್ರ ಬೆನ್ನು ಬಿಡಲ್ಲ. ಕತ್ತಲಲ್ಲಿ ಹೊರಡೋದನ್ನ ನಾನು ಬಿಟ್ಟಿದ್ದೀನಿ. 2022ರ ಕೊನೇಲಿ ಟಿ. ನರಸೀಪುರ ತಾಲೂಕಲ್ಲಿ ಚಿರತೆ ದಾಳಿಗೆ ಜನ ಸತ್ತ ಮೇಲೆ ಆಳೆತ್ತರ ಕಬ್ಬಿನ ಮಧ್ಯೆ ಬೆಳಕು ಹರಿಯೋ ಮುಂಚೆ ಒಬ್ಬಳೇ ಹೋಗೋಕೆ ಮನಸ್ಸು ಬರಲ್ಲ, ಚಿರತೆಗೆ ಕಬ್ಬಿನ ಗದ್ದೆ ಅಂದ್ರೆ ಕಾಡೇ, ಮರಿ ಹಾಕೋದೂ ಅಲ್ಲೇ.

ನಿಜವಾದ ಅಪಾಯ ನಾಲೆಯೇ, ಇದನ್ನ ಹೇಳದೇ ಹೋದ್ರೆ ತಪ್ಪಾಗುತ್ತೆ. 2018ರ ನವೆಂಬರ್ 24ಕ್ಕೆ ಪಾಂಡವಪುರ ತಾಲೂಕಿನ ಕನಗನಮರಡಿ ಹತ್ರ ಒಂದು ಪ್ರೈವೇಟ್ ಬಸ್ಸು ವಿ.ಸಿ. ನಾಲೆಗೆ ಬಿದ್ದು ಮೂವತ್ತು ಜನ ಹೋದ್ರು, ಶನಿವಾರ, ಸ್ಕೂಲು ಬಿಟ್ಟು ಮನೆಗೆ ಹೋಗ್ತಿದ್ದ ಮಕ್ಕಳೂ ಇದ್ರು. ಅದಾದ ಮೇಲೂ ಕಾರುಗಳು ಬಿದ್ದಿವೆ. ಕೆಲವು ಕಡೆ ತಡೆಗೋಡೆ ಬಂದಿದೆ, ಎಷ್ಟೋ ಕಡೆ ರಸ್ತೆ ಅಂಚಿಗೂ ನೀರಿಗೂ ಮಧ್ಯೆ ಒಂದು ಮೊಳ ಹುಲ್ಲು ಅಷ್ಟೇ. ನೋಡೋಕೆ ಮೆಲ್ಲಗೆ ಹರಿಯೋ ಹಾಗೆ ಕಾಣುತ್ತೆ, ಬಿದ್ದೋರಿಗೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ, ಕಾಂಕ್ರೀಟ್ ಗೋಡೆ ಪಾಚಿಗೆ ಜಾರುತ್ತೆ. ಟ್ರ್ಯಾಕ್ಟರ್ ಎದುರು ಬಂದ್ರೆ ನಾನು ನಾಲೆ ಕಡೆ ಸರಿಯಲ್ಲ, ಗದ್ದೆ ಕಡೆ ಇಳಿದು ನಿಲ್ತೀನಿ. ಕಬ್ಬಿನ ಲೋಡ್ ಎರಡೂ ಪಕ್ಕ ಚಾಚಿರುತ್ತೆ, ಡೆಕ್ಕಲ್ಲಿ ಹಾಡು ಜೋರಾಗಿರುತ್ತೆ, ಡ್ರೈವರ್‌ಗೆ ನನ್ನ ಬೆಲ್ಲೂ ಕೇಳಲ್ಲ ನಾನೂ ಕಾಣಲ್ಲ.

ಹಾಗಿದ್ರೆ ಹೈವೇನೇ ವಾಸಿ ಅಲ್ವಾ ಅಂತ ಕೇಳೋರಿಗೆ, ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಲ್ಲಿ ಉದ್ಘಾಟನೆ ಆಯ್ತು, ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಯಾವುದೂ ಅದರ ಮೇನ್ ರಸ್ತೆಗೆ ಹತ್ತೋ ಹಾಗಿಲ್ಲ. ನನಗಂತೂ ಹೊಟ್ಟೆ ಉರೀಲಿಲ್ಲ. ಆದ್ರೆ ಅದು ಸೀಮೆಯನ್ನ ಸೀಳ್ಕೊಂಡು ಹೋಗಿರೋ ರೀತಿ ಸೈಕಲ್ ಮೇಲಿಂದ ಚೆನ್ನಾಗಿ ಗೊತ್ತಾಗುತ್ತೆ, ನಾಲೆ ಜೊತೆ ಬರ್ತಾ ಇರ್ತೀರಿ, ಎದುರು ಮಣ್ಣಿನ ಗೋಡೆ ಥರ ಹೈವೇ, ಕೆಳಗೊಂದು ಅಂಡರ್‌ಪಾಸು, ಮಳೆಗಾಲದಲ್ಲಿ ಅದರಲ್ಲಿ ಮೊಣಕಾಲುದ್ದ ನೀರು, ಎತ್ತಿನ ಗಾಡಿ, ಕುರಿ, ನಾನು ಎಲ್ಲಾ ಒಂದೇ ತೂತಲ್ಲಿ ನುಗ್ಗಬೇಕು.

ಹೆಂಗಸು ಒಬ್ಬಳೇ ಸೈಕಲ್ಲಲ್ಲಿ ಬಂದ್ರೆ ಕೇಳೋ ಪ್ರಶ್ನೆಗಳು ಎಲ್ಲಾ ಊರಲ್ಲೂ ಒಂದೇ, ಕ್ರಮವೂ ಒಂದೇ. ಯಾವೂರಾಯ್ತವ್ವ? ಸೈಕಲ್ಲಿಗೆ ಎಷ್ಟು ಕೊಟ್ರಿ? (ಇದಕ್ಕೆ ನಾನು ಒಂದು ಸೊನ್ನೆ ಕಮ್ಮಿ ಮಾಡಿ ಹೇಳ್ತೀನಿ, ಆದ್ರೂ ಬಾಯಿ ಮೇಲೆ ಕೈ ಇಟ್ಕೋತಾರೆ.) ಅಷ್ಟು ದುಡ್ಡಿಗೆ ಗಾಡೀನೇ ಬತ್ತಿತ್ತಲ್ಲ? ಮನೇಲಿ ಯಜಮಾನ್ರು ಏನೂ ಅನ್ನಕಿಲ್ವಾ? ಮಕ್ಳೆಷ್ಟು? ಕೊನೇಗೆ, ಕಾಪಿ ಕುಡ್ದು ಓಗಿ. ಸಿಟೀಲಿ ಇಷ್ಟು ಪ್ರಶ್ನೆ ಯಾರಾದ್ರೂ ಕೇಳಿದ್ರೆ ಮೈ ಉರಿಯುತ್ತೆ, ಅಲ್ಲಿ ಯಾಕೋ ಉರಿಯಲ್ಲ. ನಾನು ಅವರ ಜಗಲಿ ಮುಂದೆ, ಅವರ ಕಣದ ಮೇಲೆ, ಅವರ ಕೆಲಸದ ಹೊತ್ತಲ್ಲಿ, ಮೈಗೆ ಅಂಟೋ ಬಟ್ಟೆ ಹಾಕ್ಕೊಂಡು ಸುಮ್ಮನೆ ಹೋಗ್ತಿರೋಳು, ವಿಚಾರಿಸೋ ಹಕ್ಕು ಅವರಿಗಿದೆ ಅನ್ಸುತ್ತೆ. ಒಬ್ಬ ಯಜಮಾನ್ರು ಮಾತ್ರ ಬೇರೆ ಪ್ರಶ್ನೆ ಕೇಳಿದ್ರು, "ಇಷ್ಟು ದೂರ ಬಂದ್ರಲ್ಲ, ಏನು ಕೆಲಸ?" ಅಂತ. ಕೆಲಸ ಇಲ್ಲ, ಸುಮ್ನೆ ಬಂದೆ ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಏನೂ ಅನ್ನದೆ ಬೀಡಿ ಹಚ್ಕೊಂಡ್ರು.

ಕಬ್ಬಿನ ಸೀಸನ್ನಲ್ಲಿ ಹೋದ್ರೆ ದಾರಿ ಕಣ್ಣಿಗಿಂತ ಮೂಗಿಗೆ ಮೊದಲು ಸಿಗುತ್ತೆ. ಆಲೆಮನೆ ಹೊಗೆ ಅರ್ಧ ಕಿಲೋಮೀಟರ್ ದೂರದಿಂದ್ಲೇ ಗೊತ್ತಾಗುತ್ತೆ, ಸುಟ್ಟ ಸಕ್ಕರೆ ಥರದ ಘಮ, ಅದರ ಜೊತೆ ಒಣಗಿದ ಸಿಪ್ಪೆ ಉರಿಯೋ ವಾಸನೆ. ಅಲ್ಲಿ ಏನೂ ವೇಸ್ಟ್ ಆಗಲ್ಲ, ಗಾಣದಿಂದ ಬಂದ ಸಿಪ್ಪೆ ಬಿಸಿಲಿಗೆ ಹರವಿ ಒಣಗಿಸಿ ಅದನ್ನೇ ಒಲೆಗೆ ತಳ್ತಾರೆ, ಕಬ್ಬಿನ ಹಾಲು ಕೊಪ್ಪರಿಗೇಲಿ ಕುದಿಯುವಾಗ ಸುಣ್ಣ ಹಾಕಿ ಮಡ್ಡಿ ಎತ್ತುತಾರೆ, ಪಾಕ ಹದಕ್ಕೆ ಬಂತಾ ಅಂತ ನೋಡೋಕೆ ಥರ್ಮಾಮೀಟರ್ ಇಲ್ಲ, ತಣ್ಣೀರಿಗೆ ಒಂದು ಚೂರು ಹಾಕಿ ಬೆರಳಲ್ಲಿ ಉರುಟಿ ನೋಡ್ತಾರೆ. ಆ ಹದ ಹೇಳೋನಿಗೆ ಎಲ್ಲರಿಗಿಂತ ಜಾಸ್ತಿ ಕೂಲಿ. ಬಣ್ಣ ಚಿನ್ನದ ಥರ ಹೊಳೀತಾ ಇದ್ರೆ ಕೆಮಿಕಲ್ ಬಿದ್ದಿದೆ ಅಂತ ತಿಳ್ಕೊಳ್ಳಿ, ಕೆಮಿಕಲ್ ಹಾಕದ ಬೆಲ್ಲ ಕಪ್ಪಗೆ ಇರುತ್ತೆ, ಮಾರ್ಕೆಟ್ಟಲ್ಲಿ ಅದಕ್ಕೇ ರೇಟ್ ಕಮ್ಮಿ, ಏನು ಮಾಡ್ಲಿ ಹೇಳಿ ಅಂತ ಅವರೇ ನೇರವಾಗಿ ಕೇಳ್ತಾರೆ. ಸೈಕಲ್ ನಿಲ್ಲಿಸಿದ್ರೆ ಒಂದು ಲೋಟ ಬಿಸಿ ಕಬ್ಬಿನ ಹಾಲು ಕೊಡ್ತಾರೆ, ದುಡ್ಡು ತಗೊಳ್ಳಲ್ಲ. ಅಂಗಡಿಯಿಂದ ತಂದ ಎನರ್ಜಿ ಜೆಲ್ಲು ಜೇಬಲ್ಲಿ ಹಾಗೇ ಉಳಿಯುತ್ತೆ.

ನಾಲೆ ಬೇಜಾರಾದ ದಿನ ಪಾಂಡವಪುರದಿಂದ ಮುಂದೆ ತೊಣ್ಣೂರು ಕೆರೆ, ಅಲ್ಲಿಂದ ಜಕ್ಕನಹಳ್ಳಿ ಕ್ರಾಸಲ್ಲಿ ತಿರುಗಿ ಮೇಲುಕೋಟೆಗೆ ಹತ್ತಬಹುದು. ಚೆನ್ನಾಗಿದೆ, ಎಲ್ಲರೂ ಬರೀತಾರೆ, ಪುಳಿಯೋಗರೆ ಫೋಟೋನೂ ಹಾಕ್ತಾರೆ, ನಾನು ಬರೆಯಲ್ಲ. ತೊಣ್ಣೂರು ಕೆರೆ ಬಗ್ಗೆ ಒಂದೇ ಮಾತು, ಅದು ಎರಡು ಗುಡ್ಡದ ಮಧ್ಯೆ ಉದ್ದ ಕಮ್ಮಿ ಇರೋ ಒಂದು ಏರಿ ಹಾಕಿ ನಿಲ್ಲಿಸಿರೋ ನೀರು, ಕಟ್ಟಿಸಿದ್ದು ರಾಮಾನುಜರು ಅಂತ ಊರಿನೋರು ಹೇಳ್ತಾರೆ. ಏರಿ ಮೇಲೆ ನಿಂತ್ರೆ ಜಾಗ ಹುಡುಕಿದೋರ ಕಣ್ಣು ಎಂಥಾದ್ದು ಅಂತ ಹೊಟ್ಟೆಕಿಚ್ಚಾಗುತ್ತೆ.

ಯಾವಾಗ ಹೋಗ್ಬೇಕು ಅಂತ ಕೇಳೋರಿಗೆ ನಾನು ತಿಂಗಳು ಹೇಳಲ್ಲ, ಕಟ್ಟೆ ಲೆವೆಲ್ ನೋಡಿ ಅಂತೀನಿ. ಪೇಪರಲ್ಲಿ ದಿನಾ ಬರುತ್ತೆ, ಭರ್ತಿ ಅಂದ್ರೆ 124.80 ಅಡಿ. ಮಂಡ್ಯ ಕಡೆ ಟೀ ಅಂಗಡೀಲಿ ಮೊದಲ ಮಾತು ಅದೇ, ಕಟ್ಟೆ ಎಷ್ಟಾಯ್ತು. ಆಷಾಢದಲ್ಲಿ ಕೊಡಗಲ್ಲಿ ಮಳೆ ಹಿಡಿದು ನಾಲೆಗೆ ನೀರು ಬಿಟ್ಟ ಮೇಲೆ ಹತ್ತು ದಿನದೊಳಗೆ ಇಡೀ ಸೀಮೆ ಬಣ್ಣ ಬದಲಾಗುತ್ತೆ, ಭತ್ತದ ಸಸಿ ಬೆಳೆಸೋ ಒಟ್ಲು ಪಾತಿಯ ಎಳೇ ಹಸಿರು, ಕೆಸರು ಗದ್ದೇಲಿ ಕೊಕ್ಕರೆ, ನಾಟಿ ಹೆಂಗಸರ ಸಾಲು. ಗಾಳಿ ಮಾತ್ರ ಕೆಟ್ಟದು, ಪಶ್ಚಿಮದಿಂದ ಬೀಸುತ್ತೆ, ಮಂಡ್ಯಕ್ಕೆ ಹೋಗುವಾಗ ನೀವು ಚಾಂಪಿಯನ್, ಮೈಸೂರಿಗೆ ವಾಪಸ್ ಬರುವಾಗ ಹನ್ನೆರಡು ಕಿಲೋಮೀಟರ್ ಸ್ಪೀಡಿಗೆ ಉಸಿರು ಬಿಡ್ತೀರಿ. 2023ರಲ್ಲಿ ಕಟ್ಟೆ ತುಂಬ್ಲೇ ಇಲ್ಲ. ಆ ವರ್ಷದ ಸೆಪ್ಟೆಂಬರಲ್ಲಿ ತಮಿಳುನಾಡಿಗೆ ನೀರು ಬಿಟ್ಟಿದ್ದಕ್ಕೆ ಮಂಡ್ಯ ಬಂದ್, ಹಿಂದೇನೇ ಕರ್ನಾಟಕ ಬಂದ್. ಆವಾಗ ನಾಲೆ ಪಕ್ಕ ಹೋಗೋದು ಕಷ್ಟ ಆಗ್ತಿತ್ತು, ಬಿಸಿಲಿಗಲ್ಲ, ಕಬ್ಬು ನಿಂತಲ್ಲೇ ಸುರುಟ್ಕೊಂಡಿರೋದನ್ನ ನೋಡ್ಕೊಂಡು ಬೆಳಗಿನ ಮೋಜಿಗೆ ಅಂತ ಸೈಕಲ್ ತುಳಿಯೋಕೆ ಒಂಥರಾ ಆಗ್ತಿತ್ತು. ಒಣಗಿದ ನಾಲೆ ತಳದಲ್ಲಿ ಹುಡುಗರು ಕ್ರಿಕೆಟ್ ಆಡ್ತಿದ್ರು. ಮುಂದಿನ ಜುಲೈಗೆ ತುಂಬ್ತು.

ನೀರು ಇರೋ ವರ್ಷದಲ್ಲೂ ಎಲ್ಲರಿಗೂ ನೀರಿಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಒಂದು ಹುಚ್ಚು ಪ್ಲಾನಿಂದ. ಒಂದು ಉಪನಾಲೆಯನ್ನ ತಲೆಯಿಂದ ಬಾಲದವರೆಗೂ ಬಿಡದೆ ಫಾಲೋ ಮಾಡ್ಕೊಂಡು ಹೋಗೋಣ ಅಂತ ಹೊರಟೆ. ವಿ.ಸಿ. ನಾಲೆ ಮುಂದೆ ಹೋಗ್ತಾ ಕವಲೊಡೆಯುತ್ತೆ, ತುರುಗನೂರು, ಹೆಬ್ಬಕವಾಡಿ, ಮದ್ದೂರು ಅಂತ ಶಾಖೆಗಳು, ಅವುಗಳಿಂದ ಉಪನಾಲೆ, ಅದರಿಂದ ಗದ್ದೆ ಕಾಲುವೆ. ತಲೆಯಲ್ಲಿ ಎರಡಾಳು ನೀರು, ಮಹಡಿ ಮನೆಗಳು, ಗೇಟ್ ಮುಂದೆ ಕಾರು. ಹತ್ತು ಕಿಲೋಮೀಟರ್ ಕೆಳಗೆ ಬರೋ ಹೊತ್ತಿಗೆ ಎದೆಮಟ್ಟ. ದಾರಿಯುದ್ದಕ್ಕೂ ಏರಿ ಮೇಲೆ ಮೋಟ್ರು ಕೂರಿಸಿ ಕಪ್ಪು ಪೈಪು ನಾಲೆಗೆ ಇಳಿಬಿಟ್ಟಿದ್ರು, ಆ ಪೈಪುಗಳು ಹೋಗೋದು ಮೇಲ್ಗಡೆ ಪಕ್ಕಕ್ಕೆ, ಗೆರೆ ಮೇಲಿದ್ದ ಆ ಖುಷ್ಕಿ ಹೊಲಗಳಿಗೆ. ಕಾನೂನು ಪ್ರಕಾರ ಹಾಗೆ ಎತ್ತೋ ಹಾಗಿಲ್ಲ. ಆದ್ರೆ ತಲೆಮಾರುಗಳಿಂದ ಎದುರುಗಡೆ ಹರಿಯೋ ನೀರು ನೋಡ್ಕೊಂಡೇ ರಾಗಿ ಬೆಳೆದೋರು ಒಂದು ಮೋಟ್ರು ಇಳಿಬಿಟ್ರೆ ಕಳ್ಳತನ ಅನ್ನೋಕೆ ನನಗೆ ಬಾಯಿ ಬರಲ್ಲ, ಸರಿ ಅನ್ನೋಕೂ ಬರಲ್ಲ, ಯಾಕಂದ್ರೆ ಮುಂದೆ ಹೋದ ಹಾಗೆಲ್ಲಾ ನಾಲೆ ಬಡವಾಗ್ತಾ ಹೋಗೋದು ಕಣ್ಣೆದುರೇ ಕಾಣ್ತಿತ್ತು. ಸೊಂಟ, ಮೊಣಕಾಲು, ಪಾದ. ಟಾರೂ ಹಾಗೇ ಸಣ್ಣಗಾಗಿ ಕೊನೆಗೆ ಕಲ್ಲು ಮಣ್ಣಿನ ದಾರಿ.

ಮದ್ದೂರು ತಾಲೂಕಿನ ಒಂದೂರು ಬಂತು, ಅಲ್ಲಿ ನಾಲೆಯೊಳಗೆ ಹುಲ್ಲು ಬೆಳೆದು ಎಮ್ಮೆ ಮೇಯ್ತಿತ್ತು. ತೂಬಿನ ಕಟ್ಟೆ ಮೇಲೆ ನಾಲ್ಕೈದು ಜನ ಕೂತಿದ್ರು, ಸರದಿ ಮೇಲೆ ನೀರು ಬಿಡೋ ಕಟ್ಟು ಪದ್ಧತೀಲಿ ಅವರ ಪಾಳಿ ಶುರುವಾಗಿ ಎರಡು ದಿನ ಆಗಿತ್ತಂತೆ. ನನ್ನ ಕಂಡ ಕೂಡ್ಲೇ ಒಬ್ಬರು ಎದ್ದು ಬಂದ್ರು, ಯಾವೂರು ಅಂತ ಕೇಳ್ಲಿಲ್ಲ, ಸೈಕಲ್ ರೇಟೂ ಕೇಳ್ಲಿಲ್ಲ.

"ಮ್ಯಾಗ್ಲಿಂದ ಬಂದ್ರವ್ವ? ಏರಿ ಮೇಲೇನಾ?"

ಹೌದು ಅಂದೆ.

"ನೀರು ಎಲ್ಲಿಗಂಟ ಬಂದದೆ?"

ಅಷ್ಟು ವರ್ಷ ಆ ರಸ್ತೆಗಳಲ್ಲಿ ಓಡಾಡಿ ಮೊದಲನೇ ಸಲ ಒಬ್ಬರಿಗೆ ಬೇಕಾದ ವಿಷಯ ನನ್ನ ಹತ್ರ ಇತ್ತು. ಹಿಂದಿನ ಊರಿನ ಸೇತುವೆ ದಾಟಿದೆ, ಅಲ್ಲಿ ಮೊಣಕಾಲು ಮಟ್ಟ, ಆಮೇಲೆ ಮಾವಿನ ತೋಪಿನ ಹತ್ರ ಪಾದ ಮುಳುಗೋಷ್ಟು, ಅಲ್ಲಿಂದ ಈಚೆಗೆ ಬರೀ ಒದ್ದೆ ಅಂದೆ. ಅವರು ತಿರುಗಿ ಉಳಿದೋರಿಗೆ ಕೂಗಿ ಹೇಳಿದ್ರು, ಒಬ್ಬರು ಆಗ್ಲೇ ನೀರು ಬಿಡೋ ಕೆಲಸದ ನೀರುಗಂಟಿಗೆ ಫೋನ್ ಹಚ್ಚಿ ಬೈಯೋಕೆ ಶುರು ಮಾಡಿದ್ರು, ಇನ್ನೊಬ್ಬರು ತೋಪಿಂದ ಇಲ್ಲಿಗೆ ಬರೋಕೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕ್ತಿದ್ರು, ಸಂಜೆಗೆ ಬತ್ತದೆ, ಇಲ್ಲ ಕನಪ್ಪ ರಾತ್ರಿಗೇಯ, ಅಂತ.

"ದಾರೀಲಿ ಮೋಟ್ರು ಎಷ್ಟು ಆಕವ್ರೆ?" ಮೊದಲು ಎದ್ದು ಬಂದೋರು ಮತ್ತೆ ಕೇಳಿದ್ರು.

ಇದ್ವು, ಎಣಿಸ್ಲಿಲ್ಲ ಅಂದೆ.

"ಮುಂದ್ಲು ಸಲ ಬತ್ತಾ ಎಣಿಸ್ಕ ಬನ್ನಿ ಮತ್ತೆ, ಎಂಗೂ ಕೆಲಸ ಇಲ್ವಲ್ಲ ನಿಮಗೆ" ಅಂತ ನಕ್ಕು, ಕೂತಿದ್ದೋರಿಗೆ ಸ್ವಲ್ಪ ಸರೀರಿ ಅಂತ ಹೇಳಿ ಕಟ್ಟೆ ಮೇಲೆ ನನಗೂ ಜಾಗ ಮಾಡಿಸಿದ್ರು.